ಇಲಿನಾಯ್ ವಾಸ್ತವ್ಯ ಮೀಮಾಂಸೆ

ವಿಷಯ

ಅಮೆರಿಕದ ಮಿಡ್‌ವೆಸ್ಟ್ ಸೀಮೆಯ ಇಲಿನಾಯ್ ರಾಜ್ಯದಲ್ಲಿ ಕೈಗೆಟಕುವ ಬೆಲೆಯ, ಮನಸ್ಸಿಗೂ ಒಗ್ಗುವ ಊರು ಯಾವುದು ಎಂಬುದೇ ಈ ಪ್ರಬಂಧದ ವಿಷಯ. ವಾಸ್ತುಶಾಸ್ತ್ರವು ಈಶಾನ್ಯ ಮೂಲೆಯ ಬಗ್ಗೆ ಬೇಕಾದಷ್ಟು ಹೇಳಿದೆ. ಪ್ರಾಪರ್ಟಿ ಟ್ಯಾಕ್ಸಿನ ಬಗ್ಗೆ ಚಕಾರವೆತ್ತಿಲ್ಲ. ಆ ಕೊರತೆ ನೀಗಿಸಲು ಇದೊಂದು ಅಲ್ಪ ಪ್ರಯತ್ನ. ರಾಜ್ಯದಲ್ಲಿ 102 ಕೌಂಟಿಗಳಿವೆ. ಎಲ್ಲವನ್ನೂ ಕಣ್ಣಾರೆ ಕಂಡೇ ಬರೆಯಬೇಕೆಂದು ಸಂಕಲ್ಪ ಮಾಡಿದ್ದೆವು. ಆದರೆ ಮುಸುಕಿನ ಜೋಳದ ಹೊಲಗಳ ನಡುವೆ ಒಂದು ಕೌಂಟಿ ಮುಗಿದು ಇನ್ನೊಂದು ಶುರುವಾದದ್ದು ಎಷ್ಟೋ ಸಲ ಗೊತ್ತೇ ಆಗಲಿಲ್ಲ. ಆದಕಾರಣ ಸ್ಥಾಲೀಪುಲಾಕ ನ್ಯಾಯವನ್ನು ಆಶ್ರಯಿಸಿ ಕೆಲವು ಅಗುಳುಗಳನ್ನಷ್ಟೇ ಹಿಸುಕಿ ನೋಡಿದ್ದೇವೆ.

ಪೂರ್ವಪಕ್ಷ

ಈ ವಿಷಯದಲ್ಲಿ ಈಗಾಗಲೇ ಎರಡು ಪ್ರಬಲ ಮತಗಳಿವೆ. ಮೊದಲನೆಯದು ಅಂಕಮತ. ಶಾಲೆಗೆ ಹತ್ತಕ್ಕೆ ಹತ್ತು ಅಂಕ ಇರುವ ಊರೇ ಊರು, ಮಿಕ್ಕದ್ದೆಲ್ಲ ಹೊಲ ಎಂಬುದು ಇದರ ಸಾರ. ಷಿಕಾಗೋದ ಪಶ್ಚಿಮಕ್ಕಿರುವ ನೇಪರ್‌ವಿಲ್ ಇವರ ಪುಣ್ಯಕ್ಷೇತ್ರ. ಮಕ್ಕಳಿಲ್ಲದವರೂ ಈ ಮತದಲ್ಲಿ ಕಟ್ಟಾ ನಿಷ್ಠರಾಗಿರುವುದುಂಟು. ‘ಮುಂದೆ ಮಾರುವಾಗ ಒಳ್ಳೇ ರೇಟು ಬರುತ್ತೆ’ ಎಂಬುದು ಅವರ ಮಹಾವಾಕ್ಯ. ಮನೆ ಕೊಳ್ಳುವ ಮೊದಲೇ ಅದನ್ನು ಬಿಟ್ಟುಹೋಗುವ ದಿನವನ್ನು ಧ್ಯಾನಿಸುವ ಈ ವೈರಾಗ್ಯ ನಮ್ಮ ಸಂನ್ಯಾಸಿಗಳಿಗೂ ಸುಲಭಕ್ಕೆ ದಕ್ಕುವಂಥದ್ದಲ್ಲ.

ಎರಡನೆಯದು ಕರಿಬೇವಿನ ಮತ. ಕರಿಬೇವು, ಸೋನಾ ಮಸೂರಿ, ಇಡ್ಲಿ ಅಕ್ಕಿ ಇವು ಅರ್ಧ ಗಂಟೆಯ ದಾರಿಯಲ್ಲಿ ಸಿಗಬೇಕು. ಅರೋರಾದ ಬಾಲಾಜಿ ದೇವಸ್ಥಾನಕ್ಕೋ ಲೆಮಾಂಟಿನ ರಾಮನ ಗುಡಿಗೋ ಶನಿವಾರ ಸ್ನಾನ ಮಾಡಿ ಹೊರಟರೆ ತಲೆಕೂದಲು ಆರುವುದರೊಳಗೆ ತಲುಪಬೇಕು. ವಿದ್ಯಾರಣ್ಯ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಹೋದವರು ರಾತ್ರಿ ತಮ್ಮ ಮನೆಯಲ್ಲೇ ಮಲಗುವಂತಿರಬೇಕು. ಈ ಮತದಲ್ಲಿ ದೋಷವೇನೂ ಇಲ್ಲ, ದುಡ್ಡು ಮಾತ್ರ ಬೇಕು.

ಎರಡೂ ಮತದವರು ವಾದದಲ್ಲಿ ಸೋಲುವಾಗ ಎ.ಕೆ. ರಾಮಾನುಜನ್ ಅವರನ್ನು ಮುಂದಿಡುತ್ತಾರೆ. 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೂ ಅವರು ಷಿಕಾಗೋ ವಿಶ್ವವಿದ್ಯಾಲಯದಲ್ಲೇ ಇದ್ದರಲ್ಲ, ಅದಕ್ಕಿಂತ ಆಪ್ತಪ್ರಮಾಣ ಬೇಕೆ? ಬೇಕು. ಅವರು ವಚನಗಳನ್ನು ಇಂಗ್ಲಿಷಿಗೆ ಸಾಗಿಸಿದರು. ನಾವು ಸಾಗಿಸಬೇಕಾಗಿರುವುದು ಸೋಫಾ ಮತ್ತು ಎರಡು ಮಂಚ.

ಅಭಾವ ವಿಚಾರ

ಊರೊಂದು ಅಗ್ಗವಾಗುವುದು ಏಕೆ? ಅಗ್ಗ ಎಂಬುದು ಊರಿನ ಗುಣ ಎಂದು ಪಾಮರರು ಭಾವಿಸುತ್ತಾರೆ. ನಮ್ಮ ಸಂಶೋಧನೆಯ ಪ್ರಕಾರ ಅದು ಗುಣವಲ್ಲ, ಅಭಾವ. ತಾರ್ಕಿಕರು ಹೇಳುವ ಅಭಾವದ ಬಗೆಗಳೆಲ್ಲ ಇಲಿನಾಯ್‌ನಲ್ಲಿ ಯಥೇಚ್ಛವಾಗಿ ಬೆಳೆಯುತ್ತವೆ, ಜೋಳ ಸೋಯಾಗಳ ಪಕ್ಕದಲ್ಲೇ.

ಮುಖ್ಯವಾದದ್ದು ಪ್ರಧ್ವಂಸಾಭಾವ, ಅಂದರೆ ಇದ್ದದ್ದು ಹೋಗಿ ಉಂಟಾದ ಇಲ್ಲದಿರುವಿಕೆ. ಪಿಯೋರಿಯಾ ಇದಕ್ಕೆ ಉತ್ತಮ ಉದಾಹರಣೆ. ಕ್ಯಾಟರ್‌ಪಿಲ್ಲರ್ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಅಲ್ಲಿಂದ ಕಿತ್ತು ಷಿಕಾಗೋ ಬಳಿಯ ಡಿಯರ್‌ಫೀಲ್ಡಿಗೆ ಒಯ್ಯುವುದಾಗಿ 2017ರಲ್ಲಿ ಸಾರಿತು. 2022ರಲ್ಲಿ ಅಲ್ಲಿಂದಲೂ ಎದ್ದು ಟೆಕ್ಸಸ್ ಹಾದಿ ಹಿಡಿಯಿತು. ಹಳದಿ ಯಂತ್ರಗಳ ಕೆಲಸ ಊರ ಸುತ್ತಮುತ್ತ ಇನ್ನೂ ನಡೆದಿದೆ, ಹೋದವರು ದೊಡ್ಡ ಸಾಹೇಬರುಗಳು. ಆದರೆ ದೊಡ್ಡ ಮನೆ ಕೊಳ್ಳುವವರೂ ಅವರೇ ಅಲ್ಲವೆ? ನದಿಯ ಮೇಲಿನ ದಿಬ್ಬದಲ್ಲಿ ಓಕ್ ಮರದ ಮೆಟ್ಟಿಲು, ಬಣ್ಣದ ಗಾಜಿನ ಕಿಟಕಿ ಇರುವ ಹಳೆಯ ಮನೆಗಳು ಷಿಕಾಗೋದ ಫ್ಲಾಟೊಂದರ ಬೆಲೆಗೆ ನಿಂತಿರುವುದು ಹೀಗೆ. ಇದೇ ಪಿಯೋರಿಯಾದ ಮಾರುಕಟ್ಟೆಯಲ್ಲಿ ಸಿಕ್ಕ ಬೂಷ್ಟು ಹಿಡಿದ ಕರಬೂಜ ಹಣ್ಣಿನಿಂದಲೇ 1943ರಲ್ಲಿ ಅಲ್ಲಿನ ಸರ್ಕಾರಿ ಪ್ರಯೋಗಾಲಯದವರು ಪೆನ್ಸಿಲಿನ್ ಹೇರಳವಾಗಿ ಕೊಡುವ ತಳಿಯನ್ನು ಪಡೆದರು. ಕೊಳೆತ ಹಣ್ಣೂ ಲೋಕಕ್ಕೆ ಉಪಕಾರ ಮಾಡಿದ ಊರನ್ನು ಅಂಕಮತದವರು ಶಾಲೆಯ ಅಂಕ ನೋಡಿ ತಳ್ಳಿಹಾಕುವುದು ಕೃತಘ್ನತೆಯೆಂದು ನಮ್ಮ ಅಭಿಪ್ರಾಯ.

ಡಿಕೇಟರಿನ ಕಥೆ ಇನ್ನೂ ಗಾಢವಾದದ್ದು. 1920ರಲ್ಲಿ ಅಲ್ಲಿನ ಸ್ಟೇಲಿ ಗಂಜಿಪುಡಿ ಕಂಪನಿಗೆ ಒಂದು ಫುಟ್‌ಬಾಲ್ ತಂಡವಿತ್ತು. ಮರುವರ್ಷವೇ ಅದು ಷಿಕಾಗೋಗೆ ಹೊರಟುಹೋಯಿತು. ಇಂದಿನ ಷಿಕಾಗೋ ಬೇರ್ಸ್ ಅದೇ. ಸೋಯಾ, ಜೋಳ ಅರೆಯುವ ದೈತ್ಯ ಕಂಪನಿಯಾದ ಎಡಿಎಂ 2014ರಲ್ಲಿ ಮುಖ್ಯ ಕಚೇರಿಯನ್ನು ಷಿಕಾಗೋಗೆ ಒಯ್ದು, ಅರೆಯುವ ಕೆಲಸವನ್ನು ಡಿಕೇಟರಿನಲ್ಲೇ ಬಿಟ್ಟಿತು. ಗೇಲ್ಸ್‌ಬರ್ಗಿನ ಮೇಟ್ಯಾಗ್ ಫ್ರಿಜ್ ಕಾರ್ಖಾನೆ 2004ರಲ್ಲಿ ಮುಚ್ಚಿ ಕೆಲಸ ಮೆಕ್ಸಿಕೋಗೆ ಹೋಯಿತು. ರಾಂಟೂಲ್ ಎಂಬಲ್ಲಿದ್ದ ವಾಯುಪಡೆಯ ನೆಲೆ 1993ರಲ್ಲಿ ಬಾಗಿಲು ಹಾಕಿತು. ಇವೆಲ್ಲದರಿಂದ ಹೊರಡುವ ಸೂತ್ರ: ಹೋದದ್ದು ಎಷ್ಟು ಭಾರವೋ ಮನೆ ಅಷ್ಟು ಅಗ್ಗ.

ಈ ಸೂತ್ರವನ್ನು ಕುರುಡಾಗಿ ಹಿಡಿದರೆ ರಾಜ್ಯದ ದಕ್ಷಿಣದ ತುದಿಯಲ್ಲಿ, ಒಹಾಯೋ ಮತ್ತು ಮಿಸಿಸಿಪ್ಪಿ ನದಿಗಳು ಕೂಡುವಲ್ಲಿರುವ ಕೇರೋ ಪಟ್ಟಣವೇ ಆದರ್ಶವಾಗಬೇಕು. 1920ರಲ್ಲಿ ಹದಿನೈದು ಸಾವಿರ ಜನರಿದ್ದ ಊರಲ್ಲಿ ಈಗ ಎರಡು ಸಾವಿರವೂ ಇಲ್ಲ. ಅಲ್ಲಿಂದ ಹೋದದ್ದು ಬರೀ ದೋಣಿ ವ್ಯಾಪಾರವಲ್ಲ. ಕರಿಯರಿಗೆ ಕೆಲಸ ಕೊಡುವುದಕ್ಕಿಂತ ಅಂಗಡಿ ಮುಚ್ಚುವುದೇ ಮೇಲೆಂದುಕೊಂಡ ವರ್ತಕರು, 1960ರ ದಶಕದ ಕೊನೆಯಲ್ಲಿ ಹಾರಿದ ಗುಂಡುಗಳು, ಅದರ ಹಿಂದೆ ವರ್ಷಗಟ್ಟಲೆ ನಡೆದ ಬಹಿಷ್ಕಾರ, ಇವೂ ಆ ಲೆಕ್ಕದಲ್ಲಿವೆ. ಇಲ್ಲಿ ಪ್ರಬಂಧಕಾರನ ವಿನೋದ ನಡೆಯದು. ಸೂತ್ರಕ್ಕೆ ಈ ಊರು ಅಪವಾದ ಎಂದು ದಾಖಲಿಸಿ ಮುಂದೆ ಹೋಗುತ್ತೇವೆ.

ಪ್ರಾಗಭಾವವೆಂದರೆ ಇನ್ನೂ ಬಂದಿಲ್ಲದ್ದರ ಅಭಾವ. ಬ್ಲೂಮಿಂಗ್ಟನ್‌ಗೆ ಅಂಟಿಕೊಂಡಿರುವ ನಾರ್ಮಲ್ ಪಟ್ಟಣದಲ್ಲಿ ಮಿತ್ಸುಬಿಷಿ ಕಾರ್ಖಾನೆ 2015ರಲ್ಲಿ ಕಾರು ಮಾಡುವುದನ್ನು ನಿಲ್ಲಿಸಿತು. 2017ರಲ್ಲಿ ರಿವಿಯನ್ ಎಂಬ ವಿದ್ಯುತ್ ವಾಹನ ಕಂಪನಿ ಆ ಖಾಲಿ ಕಾರ್ಖಾನೆಯನ್ನು ಕೊಂಡಿತು. 2021ರಲ್ಲಿ ಟ್ರಕ್ಕುಗಳು ಹೊರಬಂದವು, ಮನೆ ಬೆಲೆ ಏರಿತು. ನಡುವಿನ ಆ ಸಂಧಿಕಾಲದಲ್ಲಿ ಮನೆ ಕೊಂಡವರು ಇಂದಿಗೂ ಪ್ರತಿ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತಿನ ತಪ್ಪಲೆಯ ಪಕ್ಕ ನಿಂತು ತಾವು ಎಷ್ಟಕ್ಕೆ ಕೊಂಡೆವೆಂಬುದನ್ನು ಹೇಳುತ್ತಾರೆ. ಕೇಳುವವರು ಉಪ್ಪಿನಕಾಯಿ ಹಾಕಿಕೊಳ್ಳುತ್ತಾರೆ.

ಅತ್ಯಂತಾಭಾವ, ಅಂದರೆ ಎಂದೆಂದೂ ಇಲ್ಲದಿರುವಿಕೆ, ಇಲ್ಲಿ ಗುಡ್ಡದ್ದು. ಶಾಂಪೇನ್-ಅರ್ಬಾನಾ ಅವಳಿ ಊರುಗಳ ಸುತ್ತ ಹಿಮಯುಗದ ಬರ್ಫದ ರಾಶಿ ನೆಲಕ್ಕೆ ಇಸ್ತ್ರಿ ಹಾಕಿ ಹೋದಂತಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ 1876ರಿಂದ ಜೋಳ ಬೆಳೆಯುತ್ತಿರುವ ಮೊರೋ ಪ್ಲಾಟ್ಸ್ ಎಂಬ ಪ್ರಯೋಗದ ಹೊಲವಿದೆ. ಅದರ ಮೇಲೆ ನೆರಳು ಬೀಳಬಾರದೆಂದು ಪಕ್ಕದಲ್ಲೇ 1969ರಲ್ಲಿ ತೆರೆದ ಗ್ರಂಥಾಲಯವನ್ನು ನೆಲದಡಿಗೆ ಕಟ್ಟಿದರು. ಜೋಳಕ್ಕೆ ಬಿಸಿಲು, ವಿದ್ಯಾರ್ಥಿಗೆ ಟ್ಯೂಬ್‌ಲೈಟು. ಭೌತಶಾಸ್ತ್ರದಲ್ಲಿ ಎರಡು ಸಲ, 1956ರಲ್ಲಿ ಮತ್ತು 1972ರಲ್ಲಿ, ನೊಬೆಲ್ ಪಡೆದ ಜಾನ್ ಬಾರ್ಡೀನ್ ಪಾಠ ಹೇಳಿದ್ದೂ ಇಲ್ಲೇ. ನಾವು ನೋಡಿದ ಊರುಗಳಲ್ಲೆಲ್ಲ ಇರಲು ಅತಿ ಹಿತವಾದದ್ದು ಇದೇ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಅಲ್ಲಿಂದ ವಿಶ್ವವಿದ್ಯಾಲಯ ಎದ್ದು ಹೋಗುವ ಲಕ್ಷಣ ಕಾಣದಿರುವುದರಿಂದ ಬೆಲೆ ಇಳಿಯುವ ಆಸೆಯೂ ಇಲ್ಲ.

ದಕ್ಷಿಣದ ಕಾರ್ಬಂಡೇಲ್ ಅಗ್ಗ, ಹತ್ತಿರದಲ್ಲೇ ಕಾಡುಗುಡ್ಡಗಳೂ ಇವೆ. ಆದರೆ 2017ರ ಆಗಸ್ಟಿನಲ್ಲಿ ಒಂದು, 2024ರ ಏಪ್ರಿಲಿನಲ್ಲಿ ಇನ್ನೊಂದು, ಹೀಗೆ ಏಳು ವರ್ಷದೊಳಗೆ ಎರಡು ಖಗ್ರಾಸ ಸೂರ್ಯಗ್ರಹಣ ಹಿಡಿದ ಊರದು. ಅಮೆರಿಕನ್ನರು ಅದಕ್ಕೆಂದೇ ಮುಂಗಡ ಕೊಟ್ಟು ಹೋಟೆಲ್ ರೂಮು ಹಿಡಿದರು. ನಮ್ಮತ್ತೆಗೆ ಈ ವಿಷಯ ಗೊತ್ತಾದ ದಿನವೇ ಕಾರ್ಬಂಡೇಲ್ ಪಟ್ಟಿಯಿಂದ ಬಿತ್ತು.

ಪ್ರತ್ಯಕ್ಷ ಪ್ರಮಾಣ

ಡಿಕೇಟರಿನಲ್ಲಿ ಮಾರಾಟಕ್ಕಿದ್ದ ಮನೆಯೊಂದನ್ನು ನೋಡಲು ಸಪತ್ನೀಕನಾಗಿ ಹೋದದ್ದು ಈ ಪ್ರಬಂಧದ ಕ್ಷೇತ್ರಕಾರ್ಯ. ಇಟ್ಟಿಗೆ ಗೋಡೆ, ಮುಂದೆ ಮೇಪಲ್ ಮರ, ಬೆಲೆ ಕೇಳಿ ನಾವು ‘ಇನ್ನೊಂದು ಸೊನ್ನೆ ಬಿಟ್ಟುಹೋಗಿದೆಯೇನೋ’ ಎಂದುಕೊಂಡೆವು. ಕಾರಿನ ಬಾಗಿಲು ತೆಗೆದ ಧರ್ಮಪತ್ನಿ ಹಾಗೇ ನಿಂತಳು.

“ರೀ, ಎಲ್ಲೋ ಗಂಜಿ ತಳ ಹಿಡೀತಾ ಇದೆ.”

“ನಮ್ಮನೇಲಲ್ಲ ಕಣೇ, ಊರಿಗೂರೇ ಹಿಡೀತಾ ಇದೆ.”

ಮನೆ ತೋರಿಸುವಾಕೆ, ಗಾಳಿ ಈ ಕಡೆ ತಿರುಗಿದಾಗ ಮಾತ್ರ ಎಂದರು. ಅದು ದುಡ್ಡಿನ ವಾಸನೆ ಎಂದು ಊರವರು ನಗುವುದುಂಟು. ದುಡ್ಡು ಷಿಕಾಗೋಗೆ ಹೋಗಿ ವಾಸನೆ ಇಲ್ಲೇ ಉಳಿದಿರುವುದನ್ನು ನಾವು ಟಿಪ್ಪಣಿ ಮಾಡಿಕೊಂಡೆವು.

ಆಮೇಲೆ ಬೇಸ್‌ಮೆಂಟು. ಇಲಿನಾಯ್‌ನಲ್ಲಿ ಮನೆಯ ಸತ್ಯವೆಲ್ಲ ಕೆಳಗಿರುತ್ತದೆ. ಮೂಲೆಯಲ್ಲಿ ಬಕೆಟಿನಗಲದ ಗುಂಡಿ, ಅದರೊಳಗೆ ಸಂಪ್ ಪಂಪು. ನೆಲದಡಿಯ ನೀರು ಗುಂಡಿಗೆ ಇಳಿಯುತ್ತದೆ, ಬುರುಡೆಯಂಥದ್ದು ತೇಲಿ ಮೇಲೇರುತ್ತದೆ, ಟಕ್ ಎಂದು ಪಂಪು ಗುಂಯ್‌ಗುಡುತ್ತದೆ, ನೀರು ಕೊಳವೆ ಹತ್ತಿ ಅಂಗಳಕ್ಕೆ ಬೀಳುತ್ತದೆ, ಅಲ್ಲಿಂದ ನಿಧಾನವಾಗಿ ಮತ್ತೆ ಗುಂಡಿಗೆ. ಪುನರಪಿ ಜನನ ಎಂದೆನಿಸುವಷ್ಟರಲ್ಲಿ ಧರ್ಮಪತ್ನಿಯ ಪ್ರಶ್ನೆ ಬಂತು: “ಕರೆಂಟು ಹೋದರೆ?” ಜೋರು ಮಳೆಗೂ ಕರೆಂಟು ಹೋಗುವುದಕ್ಕೂ ಇರುವ ಅವಿನಾಭಾವ ಸಂಬಂಧವನ್ನು ಆಕೆ ದಾವಣಗೆರೆಯಲ್ಲೇ ಅಭ್ಯಾಸ ಮಾಡಿದ್ದಾಳೆ. ಮನೆ ತೋರಿಸುವಾಕೆ ಬ್ಯಾಟರಿ ಹಾಕಿಸಬಹುದೆಂದರು. ಹಾಕಿಸಿಲ್ಲ ಎಂಬುದು ಅರ್ಥಾಪತ್ತಿಯಿಂದ ಸಿದ್ಧ.

ತೆರಿಗೆ

ಮನೆ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಈ ಭಾಗವನ್ನು ಕುಳಿತುಕೊಂಡು ಓದಬೇಕು. ಪ್ರಾಪರ್ಟಿ ಟ್ಯಾಕ್ಸಿನಲ್ಲಿ ಇಲಿನಾಯ್ ನ್ಯೂಜೆರ್ಸಿಯ ಜೊತೆ ದೇಶದ ಮೊದಲ ಸಾಲಿನಲ್ಲಿ ಕೂರುತ್ತದೆ. ಮನೆಯ ಬೆಲೆಯ ಶೇಕಡಾ ಎರಡರ ಆಸುಪಾಸು, ವರ್ಷಾವರ್ಷ. ಆ ಲೆಕ್ಕದಲ್ಲಿ 50 ವರ್ಷ ಬಾಳಿದ ಗೃಹಸ್ಥ ತನ್ನ ಮನೆಯನ್ನು ಸರ್ಕಾರದಿಂದ ಇನ್ನೊಮ್ಮೆ ಪೂರ್ತಿ ಕೊಂಡಿರುತ್ತಾನೆ. ಅದರಲ್ಲೂ ಹೋದ ವರ್ಷದ ತೆರಿಗೆಯನ್ನು ಈ ವರ್ಷ ಕಟ್ಟುವ ಪದ್ಧತಿ. ಸಂಚಿತ ಕರ್ಮದ ವಿಚಾರವನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಸಾಧನ ನಮಗೆ ಸಿಕ್ಕಿಲ್ಲ. ಆ ದುಡ್ಡಿನ ದೊಡ್ಡ ಪಾಲು ಶಾಲೆಗಳಿಗೇ ಹೋಗುತ್ತದೆಂದು ಅಂಕಮತದವರು ನೆನಪಿಸುತ್ತಾರೆ. ನಿಜವೇ. ಈ ಒಂದು ಕಡೆ ಅವರಿಗೆ ನಮ್ಮಲ್ಲಿ ಉತ್ತರವಿಲ್ಲ.

ಹವಾಮಾನ

ಚಳಿ. ಪಂಡಿತರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಉಪದ್ರವ

ಸುಂಟರಗಾಳಿಯ ಎಚ್ಚರಿಕೆಯ ಸೈರನ್‌ಗಳನ್ನು ಈ ರಾಜ್ಯದಲ್ಲಿ ತಿಂಗಳ ಮೊದಲ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಪರೀಕ್ಷೆಗೆಂದು ಕೂಗಿಸುತ್ತಾರೆ. ದಾವಣಗೆರೆಯಿಂದ ಬಂದಿದ್ದ ನಮ್ಮ ಮಾವನವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಸೈರನ್ ಶುರುವಾದದ್ದೇ ಅವರು ಪಾಸ್‌ಪೋರ್ಟು, ಬಿ.ಪಿ. ಮಾತ್ರೆ, ಅಡಿಕೆ ಡಬ್ಬಿ ಮೂರನ್ನೂ ಎದೆಗವಚಿಕೊಂಡು ಬೇಸ್‌ಮೆಂಟಿಗಿಳಿದರು. ಕಿಟಕಿಯಾಚೆ ಪಕ್ಕದ ಮನೆಯಾತ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿರಲಿಲ್ಲ. “ಅಳಿಯಂದ್ರೇ, ಆ ಮನುಷ್ಯಂಗೆ ಕಿವಿ ಕೇಳ್ಸಲ್ವಾ?” ಎಂದು ಕೆಳಗಿನಿಂದ ಕೂಗಿದರು. ವಿಷಯ ತಿಳಿದ ನಂತರ ಮೇಲೆ ಬಂದು, ಬಿದ್ದುಹೋದ ಮಾನವನ್ನು ಎತ್ತಿಕೊಳ್ಳುವಂತೆ, “ಅದ್ಸರಿ, ಕಣ್ಣು ಹಾಯೋವರೆಗೂ ಮೆಕ್ಕೆಜೋಳ ಹಾಕವ್ರೆ, ತಿನ್ನೋರು ಎಲ್ಲವ್ರೆ?” ಎಂದು ಕೇಳಿದರು. ಬಹುಪಾಲು ದನ ಹಂದಿಗಳ ಮೇವಿಗೆ, ಎಥನಾಲಿಗೆ ಎಂದೆವು. “ಕಾರಿಗೆ ಅನ್ನಿ,” ಎಂದು ಅಡಿಕೆ ಕಡಿದರು.

ಸಿದ್ಧಾಂತ

ಹೀಗೆ ಎಲ್ಲ ಪ್ರಮಾಣಗಳನ್ನೂ ಒರೆಗೆ ಹಚ್ಚುತ್ತಿರುವಾಗ ಧರ್ಮಪತ್ನಿಗೆ ಬ್ಲೂಮಿಂಗ್ಟನ್‌ನ ವಿಮಾ ಕಂಪನಿಯೊಂದರಿಂದ ಕೆಲಸದ ಪತ್ರ ಬಂತು. ಜಾರ್ಜ್ ಮೆಚರ್ಲಿ ಎಂಬ ರೈತ 1922ರಲ್ಲಿ ಸ್ಟೇಟ್ ಫಾರ್ಮ್ ಕಟ್ಟಿದಾಗಿನಿಂದ ಆ ಊರಿಗೆ ವಿಮೆಯೇ ಕಸುಬು. ಪತ್ರ ಬಂದ ಸಂಜೆಯೇ ಬ್ಲೂಮಿಂಗ್ಟನ್‌ನ ಗುಣಗಳು ಒಂದೊಂದಾಗಿ ನಮಗೆ ಹೊಳೆಯತೊಡಗಿದವು. ಷಿಕಾಗೋಗೂ ಸೇಂಟ್ ಲೂಯಿಗೂ ರೈಲಿದೆ. ಹಳೆಯ ರೂಟ್ 66 ಊರ ಮೂಲಕವೇ ಹಾದಿದೆ. ಮಸಾಲೆ ಡಬ್ಬಿ ತುಂಬುವಷ್ಟಾದರೂ ಅಂಗಡಿಗಳಿವೆ. ಬಾಲಾಜಿ ಎರಡೇ ಗಂಟೆ. ಮೊದಲು ಲಕ್ಷ್ಯ, ಆಮೇಲೆ ಲಕ್ಷಣ ಎಂಬುದು ಶಾಸ್ತ್ರಸಮ್ಮತ ಕ್ರಮವೇ. ಈ ರಾಜ್ಯದಲ್ಲಿ ನಾವು ಮಾತಾಡಿಸಿದ ಕನ್ನಡದ ಮನೆಗಳವರೆಲ್ಲ ಊರು ಆರಿಸಿದ್ದು ಇದೇ ಕ್ರಮದಲ್ಲಿ. ಕೇಳಿದರೆ ಎಲ್ಲರೂ ಶಾಲೆಯ ಅಂಕ ಹೇಳುತ್ತಾರೆ.

ಫಲಶ್ರುತಿ

ಈ ಮೀಮಾಂಸೆಯನ್ನು ಭಕ್ತಿಯಿಂದ ಓದಿದವರಿಗೆ ಮನೆ ಕೊಳ್ಳುವಾಗ ಎದುರು ಬಿಡ್ಡು ಬಾರದಿರಲಿ, ಅವರ ಸಂಪ್ ಪಂಪಿಗೆ ಬ್ಯಾಟರಿ ಇರಲಿ, ಡ್ರೈವ್‌ವೇ ಹಿಮ ತೆಗೆಯುವಷ್ಟು ಪ್ರಾಯದ ಮಗನಿರಲಿ. ಬರೀ ಕೇಳಿದವರಿಗೆ ಅರ್ಧ ಫಲ. ಓದಿಯೂ ನೇಪರ್‌ವಿಲ್ಲಿನಲ್ಲೇ ಕೊಂಡವರು ಮುಂದಿನ ದೀಪಾವಳಿಗೆ ನಮ್ಮನ್ನು ಊಟಕ್ಕೆ ಕರೆಯಲಿ. ಬರುವಾಗ ಕರಿಬೇವನ್ನು ನಾವು ಅಲ್ಲೇ ಕೊಂಡುಕೊಳ್ಳುತ್ತೇವೆ.