ಸೆಟ್ ಮೇಷ್ಟ್ರು

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಹಳೇ ಪುಸ್ತಕದ ಕಟ್ಟನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡವರು ಕಂಡರೆ, ಅವರೇ ನಮ್ಮ ಸೆಟ್ ಮೇಷ್ಟ್ರು. ಪೆನ್ಷನ್ ಶುರುವಾದಂದಿನಿಂದ ಮಕ್ಕಳ ಚಿತ್ರಪುಸ್ತಕ ಕೂಡಿಡುವುದೇ ಅವರ ಕಸುಬು. ಒಂದೆರಡು ಸಿಕ್ಕರೆ ತೃಪ್ತಿಯಿಲ್ಲ, 'ಸೆಟ್' ಆಗಬೇಕು.

ಸಾವಿನ ಮನೆಯಲ್ಲಿ ಎಲ್ಲರೂ ಫೋಟೋ ಕಡೆ ನೋಡಿದರೆ ಇವರು ಅಟ್ಟದ ಕಡೆ ನೋಡುತ್ತಾರೆ. "ಹೋದವರಿಗೆ ಓದೋ ಹುಚ್ಚಿತ್ತು, ಅಲ್ವಾ?" ಎಂದು ಕಣ್ಣೊರೆಸಿಕೊಳ್ಳುವುದೇ ತಡ, ಮನೆಯವರು ಏಣಿ ತೆಗೆದು ಹಿತ್ತಲಿಗೆ ಸಾಗಿಸುತ್ತಾರೆ.

ತಿಳಿವಳಿಕೆ ಮಾತ್ರ ಅಪಾರ. ಚಂದಮಾಮ ಕನ್ನಡಕ್ಕೆ ಬಂದದ್ದು 1949ರಲ್ಲಿ; ವಿಕ್ರಮನ ಹೆಗಲಿಗೆ ಬೇತಾಳನನ್ನು ಏರಿಸಿದ ಕುಂಚ ಶಂಕರ್ ಅವರದು; ಅಮರ ಚಿತ್ರಕಥೆಯ ಮೊದಲ ಹತ್ತೂ ಸಿಂಡರೆಲ್ಲಾಳಂಥ ಪರದೇಶದವರ ಪಾಲು, ನಮ್ಮ ಕೃಷ್ಣನಿಗೆ ಸಿಕ್ಕಿದ್ದು ಹನ್ನೊಂದನೇ ನಂಬರು. ಇಷ್ಟನ್ನೂ ಕಂಡಕ್ಟರ್ ಚಿಲ್ಲರೆ ಹುಡುಕುವಷ್ಟರಲ್ಲಿ ಹೇಳಿ ಮುಗಿಸುತ್ತಾರೆ.

ಕಾರಂತರ 'ಬಾಲ ಪ್ರಪಂಚ'ದ ಮೂರು ಸಂಪುಟಗಳಲ್ಲಿ ಎರಡು ಇವರ ಹತ್ತಿರ ಇವೆ. ನಡುವಿನದು ಸೊರಬದ ಇನ್ನೊಬ್ಬ ಸೆಟ್ಟಿನವರ ಹತ್ತಿರ. ಇವರೂ ಕೊಡರು, ಅವರೂ ಬಿಡರು. ಹನ್ನೆರಡು ವರ್ಷದಿಂದ ಪ್ರತಿ ತಿಂಗಳೂ ಒಬ್ಬರ ಆರೋಗ್ಯವನ್ನು ಇನ್ನೊಬ್ಬರು ತಪ್ಪದೆ ವಿಚಾರಿಸುತ್ತಿದ್ದಾರೆ.

ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಮೇಷ್ಟ್ರ ಅಂಗಳದಲ್ಲಿ ಅಡಿಕೆಯ ಬದಲು ಪುಸ್ತಕ ಹರವಿರುತ್ತದೆ. ಪಕ್ಕದಲ್ಲಿ ಮೇಷ್ಟ್ರು, ಕೈಯಲ್ಲಿ ಕೋಲು. ಕೋಲು ಕಾಗೆಗಲ್ಲ, ಮಕ್ಕಳಿಗೆ. ಪುಸ್ತಕಗಳಿಗೆ ದರ್ಜೆಯೂ ಅಡಿಕೆ ಮಂಡಿಯದ್ದೇ. ಮಗುವಿನ ಬೆರಳು ತಾಕದ್ದು 'ಸರಕು'. ಹೆಸರು ಗೀಚಿದ್ದು 'ರಾಶಿ'. ಬಣ್ಣ ಬಳಿದು, ಹರಿದು, ಅಂಟಿಸಿದ್ದೆಲ್ಲ 'ಗೊರಬಲು'.

ಒಮ್ಮೆ ನನ್ನ ಬಾಲ್ಯದ 'ಕಿಂದರಿಜೋಗಿ'ಯನ್ನು ಒಯ್ದು ತೋರಿಸಿದೆ. ಬ್ರೌನಿಂಗನ ಹ್ಯಾಮೆಲಿನ್ ಊರಿನ ಕೊಳಲಿನವನನ್ನು ಕುವೆಂಪು ನಮ್ಮ ತುಂಗೆಯ ದಡಕ್ಕೆ ಕರೆತಂದ ಪುಸ್ತಕ. ಮೇಷ್ಟ್ರು ಕರಗಿಯಾರು ಅಂದುಕೊಂಡೆ. ಅವರು ಕನ್ನಡಕ ಏರಿಸಿ ಪುಟ ಎಣಿಸಿದರು.

"ನಾಲ್ಕು ಪುಟ ಇಲಿ ತಿಂದಿದೆಯಲ್ಲೋ ಮಾರಾಯ!"

"ತುಂಗೆಯಲ್ಲಿ ಮುಳುಗದೆ ಉಳಿದ ಒಂದು ಇಲಿ ಸೇಡು ತೀರಿಸಿಕೊಂಡಿರಬೇಕು, ಸಾರ್."

ಅವರು ನಗಲಿಲ್ಲ. "ಗೊರಬಲು" ಎಂದು ವಾಪಸ್ ಕೊಟ್ಟು, ತಮ್ಮ 'ಸರಕು' ಪ್ರತಿ ತೆಗೆದು ತೋರಿಸಿದರು. ಒಂದು ಮಡಿಕೆಯಿಲ್ಲ, ಎಣ್ಣೆಬೆರಳಿನ ಗುರುತಿಲ್ಲ. "ಯಾವ ಮಗುವೂ ಮುಟ್ಟಿಲ್ಲ!" ಎಂದು ಎದೆಯುಬ್ಬಿಸಿದರು. ಆಗ ಹೊಳೆಯಿತು: ಮಕ್ಕಳು ಮೆಚ್ಚಿದ ಪುಸ್ತಕವೆಲ್ಲ ಹರಿದು ಚಿಂದಿಯಾಗಿ ಎಂದೋ ರದ್ದಿಗೆ ಹೋಗಿದೆ. ಮೇಷ್ಟ್ರ ಗಾಜಿನ ಬೀರುವಿನಲ್ಲಿ ಹೊಳೆಯುತ್ತಿರುವುದು ಮಕ್ಕಳಿಗೆ ಬೇಡವಾದದ್ದು, ಇಲ್ಲವೇ ದೊಡ್ಡವರು ಬೀಗ ಹಾಕಿಟ್ಟದ್ದು.

ನನ್ನ ಗೊರಬಲು ಈಗ ಪಕ್ಕದ ಮನೆ ಹುಡುಗನ ಹತ್ತಿರ ಇದೆ. ಇಲಿ ತಿಂದ ಪುಟಗಳ ಕಥೆಯನ್ನು ಅವನೇ ಕಟ್ಟಿಕೊಂಡಿದ್ದಾನೆ. ನಿನ್ನೆ ಜೋಗಿಗೆ ಕೆಂಪು ಪೆನ್ಸಿಲಿನಲ್ಲಿ ಕನ್ನಡಕ ಬರೆದಿದ್ದಾನೆ. ಥೇಟ್ ಮೇಷ್ಟ್ರು.