ಟಿಕೆಟ್ ಇಲ್ಲದ ಊರಾಗ ನೋಡೂದೇನೈತಿ?

ಬೇಸಿಗೆ ರಜೆ ಬಿತ್ತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಅಪ್ಪ-ಅವ್ವಂದಿರಿಗೆ ಒಂದು ಕಾಯಿಲೆ ಹತ್ತುತ್ತದೆ. "ಹುಡುಗ್ರಿಗೆ ಸ್ವಲ್ಪ ಎಕ್ಸ್‌ಪೋಜರ್ ಆಗ್ಬೇಕ್ರಿ" ಎಂದು ಒಬ್ಬರು ಬಾಯಿಬಿಟ್ಟರೆ ಸಾಕು, ಸಂಜೆಯೊಳಗೆ ಓಣಿಯ ಅಷ್ಟೂ ಮಕ್ಕಳು ಎಕ್ಸ್‌ಪೋಜರ್ ಇಲ್ಲದೆ ಸೊರಗಿದ್ದಾರೆಂದು ತೀರ್ಮಾನವಾಗುತ್ತದೆ. ಇದಕ್ಕೆ ಊರಿನ ಯಾವ ಡಾಕ್ಟರ ಹತ್ತಿರವೂ ಮದ್ದಿಲ್ಲ. ಮದ್ದಿರುವುದು ಸುಮಾರು 300 ಕಿಲೋಮೀಟರ್ ಆಚೆ, ಬೆಂಗಳೂರಿನ ಮಾಲುಗಳ ಮೇಲಿನ ಮಹಡಿಯಲ್ಲಿ. ಅಲ್ಲಿ ಅದನ್ನು ತಾಸಿನ ಲೆಕ್ಕದಲ್ಲಿ ಕೊಡುತ್ತಾರೆ, ಟ್ಯಾಕ್ಸ್ ಬೇರೆ. ಅಷ್ಟು ದೂರ ಹೋಗಲಾರದವರಿಗೆ ಹುಬ್ಬಳ್ಳಿಯಲ್ಲಿ ಸಣ್ಣ ಡೋಸ್ ಸಿಗುತ್ತದೆ.

ಚಿಕಿತ್ಸೆ ಶುರುವಾಗುವುದು ಕಾಲಿನಿಂದ. ಎರೆಹೊಲದ ಹೆಂಟೆ ತುಳಿದು ಗಟ್ಟಿಯಾದ ಪಾದಕ್ಕೆ ರಬ್ಬರ್ ಚುಕ್ಕಿಯ ಕಾಲುಚೀಲ ಕಡ್ಡಾಯ. ಮನೆಯದು ನಡೆಯುವುದಿಲ್ಲ, ಕೌಂಟರಿನಲ್ಲೇ ಕೊಳ್ಳಬೇಕು. ಆಮೇಲೆ ದನದ ಕಿವಿಗೆ ಹಳದಿ ಬಿಲ್ಲೆ ಹೊಡೆದ ಹಾಗೆ ಮಗುವಿನ ಮುಂಗೈಗೆ ಬಣ್ಣದ ಪಟ್ಟಿ. ಒಳಗೆ ಜಾರುಬಂಡಿ, ಹಗ್ಗದ ಏಣಿ, ಪ್ಲಾಸ್ಟಿಕ್ ಮರ. ಮೂಲೆಯಲ್ಲಿ ಗಾಜಿನ ಗೋಡೆಯ ಹಿಂದೆ ಅಂದಿನ ವಿಶೇಷ ಆಕರ್ಷಣೆ, ಮರಳಿನ ಗುಂಡಿ. ಅದಕ್ಕೆ ದರವೂ ಬೇರೆ. ಒಂದು ಬಕೆಟ್, ಒಂದು ಸಲಿಕೆ ಕೊಟ್ಟು, ಮಗುವಿನ ಕೈಯ ಚಳಕ ಹೆಚ್ಚುತ್ತದೆ ಎಂದು ಬೋರ್ಡಿನಲ್ಲಿ ಬರೆದಿರುತ್ತಾರೆ.

ತುಂಗಭದ್ರೆ, ವರದೆಯರ ಮಡಿಲಲ್ಲಿ ಹುಟ್ಟಿದ ಮಗು ಮರಳು ಮುಟ್ಟಲು ಬೆಂಗಳೂರಿಗೆ ಹೋಗಬೇಕಾದದ್ದು ಹೇಗೆ ಎಂದು ಕೇಳಬೇಡಿ. ನಮ್ಮ ಹೊಳೆದಂಡೆಯ ಮರಳು ಕತ್ತಲಾಗುವುದನ್ನೇ ಕಾದು ಟಿಪ್ಪರ್ ಹತ್ತಿ ಹೋಗುವಾಗ ಯಾರೂ ಟಿಕೆಟ್ ಕೇಳಲಿಲ್ಲ. ಟಿಕೆಟ್ ಬಿಡಿ, ರಾಜಧನವನ್ನೂ ಕೇಳಲಿಲ್ಲ. ಮರಳು ಮುಂದೆ ಹೋಯಿತು, ಮಕ್ಕಳು ಹಿಂದಿನಿಂದ ಹೋದರು. ಇಬ್ಬರಲ್ಲಿ ರೊಕ್ಕ ಕೊಟ್ಟು ಹೋದವರು ಮಕ್ಕಳು ಮಾತ್ರ.

ಬಾಗಿಲಲ್ಲಿ ಇನ್ನೊಂದು ತೊಡಕು. ಅಜ್ಜಿ ಕಟ್ಟಿಕೊಟ್ಟ ಬುತ್ತಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪುಚಟ್ನಿ.

"ಹೊರಗಿನ ತಿಂಡಿ ಒಳಗ ಬಿಡಂಗಿಲ್ರಿ" ಎನ್ನುತ್ತಾನೆ ನೀಲಿ ಅಂಗಿಯ ಸೆಕ್ಯೂರಿಟಿ ಹುಡುಗ.

"ಯಾ ಊರೋ ತಮ್ಮಾ ನಿಂದು?"

"ಹಿರೇಕೆರೂರ ತಾಲೂಕ್ರಿ ಅಣ್ಣಾರ."

"ಹೊಲ ಐತೇನು?"

"ಐತ್ರಿ. ಗೋವಿನಜೋಳ ಹಾಕಿದ್ವಿ. ರೇಟು ಬರಲಿಲ್ಲರಿ. ಇಲ್ಲೆ ತಿಂಗಳಾತಂದ್ರ ಪಗಾರರ ಬರ್ತೈತಿ."

ಬುತ್ತಿ ಅವನ ಕೈಸೇರುತ್ತದೆ. ರೊಟ್ಟಿ ಬೇಡವೆನ್ನುವ ಹುಡುಗನೇನಲ್ಲ ಅವನು. ಕುಟುಂಬ ಒಳಗೆ ಹೋಗಿ ಕಾಗದದ ಲೋಟದಲ್ಲಿ ಬೇಯಿಸಿದ ಅಮೆರಿಕನ್ ಸ್ವೀಟ್ ಕಾರ್ನ್ ತಿನ್ನುತ್ತದೆ. ಗೋವಿನಜೋಳದ ಈ ದೊಡ್ಡಪ್ಪನ ಮಗನಿಗೆ ಮಾಲಿನೊಳಗೆ ಒಳ್ಳೆಯ ರೇಟಿದೆ.

ಬೆಂಗಳೂರಿಗೆ ಹೋದವರು ಬೆಂಗಳೂರನ್ನಾದರೂ ನೋಡುತ್ತಾರೆಯೇ? 1870ರಿಂದ ಕಬ್ಬನ್ ಪಾರ್ಕಿನ ಮರಗಳು ನೆರಳು ಕೊಡುತ್ತ ನಿಂತಿವೆ. ಅದರ ಮಗ್ಗುಲಲ್ಲೇ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯವಿದೆ, ಯಂತ್ರ ಕಂಡ ಹುಡುಗ ಅಲ್ಲಿಂದ ಹೊರಬರಲು ಒಲ್ಲೆನೆನ್ನುತ್ತಾನೆ. 1989ರಲ್ಲಿ ಶುರುವಾದ ನೆಹರೂ ತಾರಾಲಯದಲ್ಲಿ ಹಾಡುಹಗಲೇ ನಕ್ಷತ್ರ ತೋರಿಸುತ್ತಾರೆ. ಆದರೆ ನಮ್ಮ ಯಜಮಾನರ ಸಂಶಯವೇ ಬೇರೆ.

"ಕಬ್ಬನ್ ಪಾರ್ಕಿಗೆ ಟಿಕೆಟ್ ಎಷ್ಟಂತ?"

"ಪುಕ್ಕಟೆ."

"ಪುಕ್ಕಟೆ ಇದ್ದದ್ರಾಗ ನೋಡೂದೇನೈತಿ?"

ಇಡೀ ರಜೆಯ ತತ್ವ ಇದೊಂದು ಮಾತಿನಲ್ಲಿದೆ. ಮಗು ನಕ್ಕಿತೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಸಿಗುವುದು ಕಷ್ಟ. ಖರ್ಚಾಯಿತು ಎಂಬುದಕ್ಕೆ ರಸೀತಿ ಇರುತ್ತದೆ. ಊರಿಗೆ ಬಂದ ಮೇಲೆ ಬೀಗರ ಮುಂದೆ, ಷಡ್ಡಕನ ಮುಂದೆ ಬಿಚ್ಚಿಡಲು ರಸೀತಿಯೇ ಬೇಕು. "ನಾಕೂ ಮಂದಿಗೆ ಆರ ಸಾವಿರ ಬಡಕೊಂಡ್ರು ನೋಡ್ರಿ" ಎಂದು ನಿಟ್ಟುಸಿರು ಬಿಡುವಾಗ ಆ ಮುಖದಲ್ಲಿ ಕಾಣುವ ತೃಪ್ತಿಯನ್ನು ಯಾವ ಜಾರುಬಂಡಿಯೂ ಯಾವ ಮಗುವಿಗೂ ಕೊಟ್ಟಿರಲಾರದು.

ಈ ಲೆಕ್ಕದಲ್ಲಿ ನಮ್ಮ ಜಿಲ್ಲೆ ಶುದ್ಧ ದಂಡ. ರಾಣೆಬೆನ್ನೂರಿನ ಮಗ್ಗುಲಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವಿದೆ. ಕೃಷ್ಣಮೃಗಗಳಿಗಾಗಿಯೇ 1974ರಲ್ಲಿ ಮಾಡಿದ್ದು. ಸುರುಳಿ ಕೊಂಬಿನ ಗಂಡು ಜಿಂಕೆ ಬಯಲಿನಲ್ಲಿ ಚಿಮ್ಮಿ ಚಿಮ್ಮಿ ಓಡುವುದನ್ನು ನೋಡಿದರೆ ಟ್ರ್ಯಾಂಪೊಲಿನ್ ಕಂಡುಹಿಡಿದವರು ನಾಚಬೇಕು. ಆದರೆ ರಾಣೆಬೆನ್ನೂರಿನ ಹುಡುಗರು ಜಿಂಕೆ ನೋಡುವುದು ಬನ್ನೇರುಘಟ್ಟದಲ್ಲಿ, ಜಾಳಿಗೆ ಹೊಡೆದ ಬಸ್ಸಿನ ಕಿಟಕಿಯಿಂದ. ಸ್ವಂತ ಊರಿನ ಕೃಷ್ಣಮೃಗದ ಗುರುತಿರುವುದು ಅದು ಬೆಳೆ ಮೇಯಲು ಯಾರ ಹೊಲಕ್ಕೆ ಬರುತ್ತದೋ ಆ ರೈತನಿಗೆ. ಅವನಿಗೆ ಅದನ್ನು ನೋಡುವ ಉಮೇದಿಲ್ಲ.

ಬಂಕಾಪುರದ ಕೋಟೆಯೊಳಗೆ 139 ಎಕರೆಯ ನವಿಲುಧಾಮ. ಖಿಲಾರಿ ದನಗಳ ನಡುವೆಯೇ ನವಿಲು ಅಡ್ಡಾಡುತ್ತವೆ, ಪಕ್ಕದಲ್ಲಿ ಚಾಲುಕ್ಯರ ಕಾಲದ ಅರವತ್ತು ಕಂಬದ ನಗರೇಶ್ವರ ಗುಡಿ. ಕಣ್ಣಾಮುಚ್ಚಾಲೆಗೆ ಇದಕ್ಕಿಂತ ಒಳ್ಳೆಯ ಕಂಬಗಳನ್ನು ಯಾವ ಮಾಲೂ ಕಟ್ಟಿಲ್ಲ. ಸವಣೂರಿನ ಕಲ್ಮಠದ ಆವರಣದಲ್ಲಿ ಆಫ್ರಿಕಾ ಮೂಲದ ದೊಡ್ಡಹುಣಸೆ ಮರಗಳು. ಒಂದು ಮರ ತಬ್ಬಲು ಇಡೀ ತರಗತಿ ಕೈಕೈ ಹಿಡಿಯಬೇಕು. ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಂಡೆಗೆ ಮುಕ್ತೇಶ್ವರನ ಗುಡಿ. ಇವುಗಳ ದೋಷ ಒಂದೇ. ಎಲ್ಲಿಯೂ ಮುಂಗೈಗೆ ಪಟ್ಟಿ ಕಟ್ಟುವುದಿಲ್ಲ.

ಇತ್ತ ಬೆಂಗಳೂರಿನ ತಂದೆತಾಯಿಗೂ ಕಾಯಿಲೆ ಇದೆ, ಆದರೆ ಉಲ್ಟಾ. ಅವರ ಮಕ್ಕಳಿಗೆ ಹಳ್ಳಿಯ ಎಕ್ಸ್‌ಪೋಜರ್ ಆಗಬೇಕಂತೆ. ಊರಾಚೆಯ ರೆಸಾರ್ಟಿನಲ್ಲಿ ಆಕಳ ಮೈ ಸವರಲು, ಕೆಸರಿನಲ್ಲಿ ಹೊರಳಾಡಲು, ಲಗೋರಿ ಆಡಲು ಮುಂಗಡ ಬುಕಿಂಗ್. ಇನ್ನೂ ಆಸಕ್ತಿಯಿದ್ದವರು ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಶಿಗ್ಗಾವಿ ತಾಲೂಕಿನ ಗೊಟಗೋಡಿಗೇ ಬರುತ್ತಾರೆ. ಅಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ರಂಟೆ ಹೊಡೆಯುವ ಒಕ್ಕಲಿಗ, ರೊಟ್ಟಿ ಬಡಿಯುವ ಅವ್ವ, ಹಾಲು ಹಿಂಡುವ ಅಜ್ಜಿ, ಎಲ್ಲರೂ ಸಿಮೆಂಟಿನಲ್ಲಿ ಜೀವ ತುಂಬಿಕೊಂಡು ನಿಂತಿದ್ದಾರೆ. ಕೈಗೆಲಸ ನಿಜಕ್ಕೂ ಬೆರಗಿನದು. ವಿಚಿತ್ರವೆಂದರೆ ನಮ್ಮ ಜಿಲ್ಲೆಯ ಶಾಲಾ ಬಸ್ಸುಗಳೂ ಅಲ್ಲೇ ನಿಲ್ಲುತ್ತವೆ. ಜೀವಂತ ಅಜ್ಜನನ್ನು ಮನೆಯ ಪಡಸಾಲೆಯಲ್ಲಿ ಬಿಟ್ಟು ಬಂದ ಹುಡುಗ ಸಿಮೆಂಟಿನ ಅಜ್ಜನ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಳ್ಳುತ್ತಾನೆ. ಸಿಮೆಂಟಿನ ಅಜ್ಜ ಮಗ್ಗಿ ಕೇಳುವುದಿಲ್ಲ, ಔಷಧಿ ತಂದುಕೊಡು ಎನ್ನುವುದಿಲ್ಲ.

ಇಷ್ಟು ಬರೆದು ಮೀಸೆ ತಿರುವುವ ಹೊತ್ತಿಗೆ ಮನೆಯೊಳಗಿನಿಂದ ಪ್ರಶ್ನೆ ಬರುತ್ತದೆ. "ಕೋಟಿ ಅಂತೀರಿ, ಗುಡಿ ಅಂತೀರಿ, ಹೊಳಿದಂಡಿ ಅಂತೀರಿ. ಅಲ್ಲೆಲ್ಲ ಹೆಣಮಕ್ಕಳು ಕಾಲ್ಮಡಿಲಿಕ್ಕೆ ಎಲ್ಲಿ ಹೋಗ್ಬೇಕ್ರಿ? ಕೂಸಿಗೆ ಹಾಲು ಕುಡಿಸಾಕ ಎಲ್ಲಿ ಕುಂದ್ರಬೇಕು? ಮಾಲಿನ್ಯಾಗ ಅದರ ಐತಿ."

ಈ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ. ಜಿಲ್ಲಾಡಳಿತಗಳ ಬಳಿಯೂ ಇದ್ದಂತೆ ಕಾಣುವುದಿಲ್ಲ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆಯಾಯಿತು. ಆಗ ಹುಟ್ಟಿದ ಕೂಸುಗಳು ಈಗ ತಮ್ಮ ಕೂಸುಗಳನ್ನು ಎತ್ತಿಕೊಂಡು ಆಡಿಸುವ ಜಾಗ ಹುಡುಕುತ್ತಿದ್ದಾರೆ. ಸಣ್ಣ ಊರುಗಳ ಉದ್ಯಾನದ ಚಿತ್ರ ಎಲ್ಲರಿಗೂ ಬಾಯಿಪಾಠ. ಗೇಟಿಗೆ ಕೀಲಿ, ಕೀಲಿಕೈ ಯಾರಲ್ಲಿದೆಯೋ ಶಿವನಿಗೇ ಗೊತ್ತು. ಒಳಗೆ ಒಂದು ಜೋಕಾಲಿಯ ಕಂಬ, ಜೋಕಾಲಿ ಇಲ್ಲ. ಜಾರುಬಂಡಿಯ ತಗಡು ಕಿತ್ತು ನಿಂತಿದೆ, ಅದಕ್ಕಿಂತ ಎತ್ತರದ ಫಲಕದಲ್ಲಿ ಉದ್ಘಾಟಿಸಿದವರ, ಅಧ್ಯಕ್ಷತೆ ವಹಿಸಿದವರ, ಘನ ಉಪಸ್ಥಿತಿ ಇದ್ದವರ ಹೆಸರು ಸ್ವಲ್ಪವೂ ಮಾಸದೆ ಹೊಳೆಯುತ್ತಿವೆ. ಮಕ್ಕಳು ಆ ಫಲಕದ ಮೇಲೇ ಹತ್ತಿ ಜಾರುತ್ತಾರೆ. ಅನುದಾನ ಸದುಪಯೋಗವಾಗಿಲ್ಲ ಎಂದು ಹೇಳುವಂತಿಲ್ಲ.

ಹೀಗಾಗಿ ಜನರನ್ನು ಬೈದು ಫಲವಿಲ್ಲ. ಟಿಕೆಟ್ ಇದ್ದದ್ದಕ್ಕೇ ಬೆಲೆ ಎಂದಾದರೆ ಎಲ್ಲದಕ್ಕೂ ಟಿಕೆಟ್ ಹಚ್ಚುವುದೇ ದಾರಿ. ಜಿಲ್ಲೆಯ ಹಿತದೃಷ್ಟಿಯಿಂದ ಒಂದು ಯೋಜನೆ ಸಿದ್ಧವಿದೆ.

ಮೊದಲನೆಯದು ಬ್ಯಾಡಗಿಯ ಘಾಟು ವಲಯ. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆಯ ದಿನ ಮಾತ್ರ ಪ್ರವೇಶ. ಕಡ್ಡಿ, ಡಬ್ಬಿ ತಳಿಗಳ ವ್ಯತ್ಯಾಸ ಹೇಳಿದ ಮಗುವಿಗೆ ಪ್ರಮಾಣಪತ್ರ, ಮೂರು ಸೀನಿನೊಳಗೆ ಹೊರಬಂದವರಿಗೆ ಹಣ ವಾಪಸಿಲ್ಲ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಈ ಕಾಯಿಯ ಬಣ್ಣ ಓಲಿಯೋರೆಸಿನ್ ಆಗಿ ಜಗತ್ತಿನ ತುಟಿಗೇರುತ್ತದೆಂದು ಮಾರ್ಗದರ್ಶಿ ವಿವರಿಸುತ್ತಾನೆ. ತೊಟ್ಟು ಬಿಡಿಸುವ ಆಟವೂ ಇರುತ್ತದೆ. ಅದೇ ಕೆಲಸಕ್ಕೆ ಪಕ್ಕದಲ್ಲಿ ಕೂತ ಹೆಣ್ಣುಮಕ್ಕಳಿಗೆ ಕಿಲೋ ಲೆಕ್ಕದಲ್ಲಿ ಕೂಲಿ, ಇತ್ತ ಪ್ರವಾಸಿ ಮಕ್ಕಳಿಂದ ಕಿಲೋ ಲೆಕ್ಕದಲ್ಲಿ ಶುಲ್ಕ. ಎರಡೂ ಸಾಲು ಒಂದೇ ರಾಶಿಯ ಎದುರುಬದುರು ಕೂತರೆ ಅರ್ಥಶಾಸ್ತ್ರದ ಪಾಠವೂ ಮುಗಿದಂತೆ.

ಎರಡನೆಯದು ಹಾವೇರಿಯ ಏಲಕ್ಕಿ ಹಾರ ಪ್ಯಾಕೇಜು. ಹಾವೇರಿಯ ಏಲಕ್ಕಿ ಹಾರಕ್ಕೆ ಗಣ್ಯರ ಕೊರಳು ಬಿಟ್ಟು ಬೇರೆ ಕೊರಳಿನ ಪರಿಚಯ ಕಡಿಮೆ. ಆದ್ದರಿಂದ ಪ್ರತಿ ಮಗುವಿಗೂ ಒಂದು ತಾಸು ಮಂತ್ರಿಯಾಗುವ ಅವಕಾಶ. ಎರಡು ತಾಸು ತಡವಾಗಿ ಬರುವುದು, ಹಾರ ಹಾಕಿಸಿಕೊಳ್ಳುವುದು, ರಿಬ್ಬನ್ ಕತ್ತರಿಸುವುದು, ಮಕ್ಕಳಿಗಾಗಿ ಉದ್ಯಾನ ಮಾಡಿಸುತ್ತೇನೆಂದು ಭರವಸೆ ಕೊಟ್ಟು ಮುಂದಿನ ಕಾರ್ಯಕ್ರಮಕ್ಕೆ ಹೊರಡುವುದು. ಹಾರವನ್ನು ಹೋಗುವಾಗ ಕೌಂಟರಿಗೆ ಮರಳಿಸಬೇಕು. ಭರವಸೆಯನ್ನು ಮರಳಿಸುವ ಅಗತ್ಯವಿಲ್ಲ.

ಮೂರನೆಯದು ತುಂಗಭದ್ರಾ ಮರಳಾಟ. ಇದು ದಾಸ್ತಾನು ಇರುವವರೆಗೆ ಮಾತ್ರ.

ಟೆಂಡರ್ ಸಹಜವಾಗಿಯೇ ಬೆಂಗಳೂರಿನ ಕಂಪನಿಗೆ ಹೋಗುತ್ತದೆ, ಟಿಕೆಟ್ ಆನ್‌ಲೈನಿನಲ್ಲೇ ಕೊಳ್ಳಬೇಕು. ಆಗ ನೋಡಿ, ನಮ್ಮ ಯಜಮಾನರೇ ಮೊದಲ ಸಾಲಿನಲ್ಲಿರುತ್ತಾರೆ. ಒಂದೇ ಅಪಾಯ ಕಾಣುತ್ತಿದೆ. ಮಕ್ಕಳಿಗೆ ಇನ್ನೂ ಈ ವ್ಯವಹಾರ ಪೂರ್ತಿ ತಿಳಿದಿಲ್ಲ. ಬೇಲಿ ಜಿಗಿದು, ಕಾಲುಚೀಲವಿಲ್ಲದೆ, ಪುಕ್ಕಟೆಯಾಗಿ ಆಡಿಬಿಟ್ಟಾರು. ಅದನ್ನು ತಡೆಯಲು ಗೇಟಿಗೆ ಕಾವಲುಗಾರರು ಬೇಕು. ಅಭ್ಯರ್ಥಿಗಳಿಗೆ ಬರವಿಲ್ಲ. ಹೊಲ ಬಿಟ್ಟು ಹೋದ ನಮ್ಮ ಹುಡುಗರು ಬೆಂಗಳೂರಿನಲ್ಲಿ ತರಬೇತಿ ಮುಗಿಸಿದ್ದಾರೆ. ಅಪ್ಪನ ಹೊಲಕ್ಕೆ ಅಣ್ಣನ ಮಕ್ಕಳನ್ನು ಬಿಡಬೇಕೆಂದರೂ ಅವರು ಟಿಕೆಟ್ ನೋಡಿಯೇ ಬಿಡುತ್ತಾರೆ.