ಪಿಟ್‌ಬುಲ್ ಸಾಹುಕಾರ

ರಾಯಚೂರು ನಗರದ ಹೊಸ ಬಡಾವಣೆಗಳಲ್ಲಿ, ಅದರಲ್ಲೂ ಲಿಂಗಸುಗೂರು ರಸ್ತೆಯ ಆಸುಪಾಸಿನಲ್ಲಿ, ಈಚಿನ ವರ್ಷಗಳಲ್ಲಿ ನೆಲೆಯೂರಿರುವ ಒಂದು ಮಾನವ ಪ್ರಭೇದವನ್ನು ಪಿಟ್‌ಬುಲ್ ಸಾಹುಕಾರ ಎಂದು ಗುರುತಿಸಬಹುದು. ಈತನ ಬೇರು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಭತ್ತದ ಗದ್ದೆಯಲ್ಲಿಯೋ ದೇವದುರ್ಗದ ಹತ್ತಿ ಹೊಲದಲ್ಲಿಯೋ ಇರುತ್ತದೆ. ಮಕ್ಕಳ ಓದಿನ ನೆಪದಲ್ಲಿ ನಗರಕ್ಕೆ ಬಂದು, ಎರಡಂತಸ್ತಿನ ಮನೆ ಕಟ್ಟಿಸಿ, ಅದಕ್ಕೆ ಆಳೆತ್ತರದ ಗೇಟು ಕೂಡಿಸಿದ ಮೇಲೆ, ಗೇಟಿನ ಹಿಂದೆ ಹೆದರುವಂಥದ್ದು ಏನೂ ಇಲ್ಲವೆಂಬ ಕೊರತೆ ಈತನನ್ನು ಕಾಡತೊಡಗುತ್ತದೆ. ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ ಮೊದಲು ಬರುತ್ತದೆ, ನಾಯಿ ಆಮೇಲೆ.

ತಳಿಯ ಆಯ್ಕೆಯ ಹಂತದಲ್ಲಿ ಮನೆಯ ಹಿರಿಯರು ಮುಧೋಳ ನಾಯಿಯನ್ನು ಸೂಚಿಸುವುದುಂಟು. ಆ ಬೇಟೆನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿಯೇ ಹೊರಬಂದಿದೆ, ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಅದಕ್ಕಾಗಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ, ಈ ಭಾಗದ ಬಿಸಿಲಂತೂ ಅದಕ್ಕೆ ಹುಟ್ಟಿನಿಂದ ಪರಿಚಿತ. ಸಾಹುಕಾರ ಇಷ್ಟನ್ನೂ ಕೇಳಿ ತಲೆಯಾಡಿಸಿ, ಮುಧೋಳ ನಾಯಿಯ ಎಣಿಸಬಹುದಾದ ಪಕ್ಕೆಲುಬುಗಳನ್ನು ಕಂಡ ಬೀಗರು ಮನೆಯಲ್ಲಿ ಊಟಕ್ಕೆ ತತ್ವಾರವಿದೆಯೆಂದು ತಿಳಿದಾರೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುತ್ತಾನೆ.

ಆಯ್ಕೆಯಾದ ತಳಿಯ ಚರಿತ್ರೆಯನ್ನು ಈತ ಓದಿರುವುದಿಲ್ಲ. ಗೂಳಿಯ ಮೇಲೆ ನಾಯಿ ಛೂಬಿಡುವ ಆಟವನ್ನು ಬ್ರಿಟನ್ 1835ರಲ್ಲಿ ನಿಷೇಧಿಸಿದ ಬಳಿಕ ಜೂಜುಕೋರರು ನಾಯಿಗಳನ್ನೇ ಕುಳಿಯಲ್ಲಿಳಿಸಿ ಪರಸ್ಪರ ಕಾದಾಡಿಸತೊಡಗಿದರು. ಬುಲ್‌ಡಾಗನ್ನೂ, ಬಿಲ ಹೊಕ್ಕು ಬೇಟೆಯಾಡುವ ಟೆರಿಯರ್ ಎಂಬ ಚುರುಕು ನಾಯಿಯನ್ನೂ ಬೆರೆಸಿ ಪಡೆದ ಆ ವಂಶವೇ ಅಮೆರಿಕಕ್ಕೆ ಹೋಗಿ ಪಿಟ್‌ಬುಲ್ ಟೆರಿಯರ್ ಎನಿಸಿತು. ಅಲ್ಲಿನ ಯುನೈಟೆಡ್ ಕೆನೆಲ್ ಕ್ಲಬ್ ಇದನ್ನು 1898ರಲ್ಲಿಯೇ ತಳಿಯೆಂದು ಮನ್ನಿಸಿತು; ಅಮೆರಿಕನ್ ಕೆನೆಲ್ ಕ್ಲಬ್ ಇಂದಿಗೂ ಮನ್ನಿಸಿಲ್ಲ. ಕಾಳಗದ ನಡುವೆ ಕೈಹಾಕಿ ಬಿಡಿಸುವವನನ್ನೇ ಕಡಿಯುವ ನಾಯಿ ಜೂಜುಕೋರರಿಗೂ ಬೇಡವಾಗಿದ್ದುದರಿಂದ, ಬೇರೆ ನಾಯಿಯನ್ನು ಕಂಡರೆ ಕೆರಳುವ ಪಿಟ್‌ಬುಲ್ ಮನುಷ್ಯರನ್ನು ಕಂಡರೆ ಬಾಲ ಅಲ್ಲಾಡಿಸುವುದು ಅಪರೂಪವಲ್ಲ. ಸಾಹುಕಾರನ ಮುಂದಿನ ಸಂಕಟಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಮರಿಯು ಹೈದರಾಬಾದಿನಿಂದ ವಾಟ್ಸ್‌ಆ್ಯಪ್ ಚಿತ್ರವಾಗಿ ಮೊದಲೂ, ರಟ್ಟಿನ ಪೆಟ್ಟಿಗೆಯಲ್ಲಿ ಅನಂತರವೂ ಆಗಮಿಸುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದೂ, ಮರಿ ಮಾಡಿಸಿ ಮಾರುವವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕೆಂದೂ 2017ರ ಕೇಂದ್ರ ನಿಯಮಗಳು ವಿಧಿಸುತ್ತವೆ. ಆದರೆ ಸಾಹುಕಾರ ವಯಸ್ಸನ್ನಾಗಲಿ ಲಸಿಕೆಯನ್ನಾಗಲಿ ವಿಚಾರಿಸದೆ, ದೊಡ್ಡದಾದ ಮೇಲೆ ತಲೆ ಎಷ್ಟು ದಪ್ಪ ಬರುತ್ತದೆಂಬುದನ್ನಷ್ಟೇ ಕೇಳಿರುತ್ತಾನೆ. ತಲೆಯ ಬದಲು ಮೊದಲ ವಾರದಲ್ಲಿ ಬರುವುದು ಪಾರ್ವೊ, ಅಂದರೆ ಮರಿಗಳಿಗೆ ವಾಂತಿ ಮತ್ತು ರಕ್ತಭೇದಿ ತರುವ ವೈರಾಣು ರೋಗ. ಅದರಿಂದ ಬದುಕುಳಿದ ಮರಿಗೆ ಟೈಸನ್, ಡೆವಿಲ್, ಬುಲೆಟ್ ಎಂಬ ಮೂರರಲ್ಲಿ ಒಂದು ಹೆಸರು ಪ್ರಾಪ್ತವಾಗುತ್ತದೆ.

ಸಾಕಣೆಯ ವಿಷಯದಲ್ಲಿ ಸಾಹುಕಾರನದು ಸ್ವಂತ ಸಿದ್ಧಾಂತ. ಮೂರರಿಂದ ಹದಿನಾಲ್ಕನೆಯ ವಾರದವರೆಗೆ ಮರಿಗೆ ಬಗೆಬಗೆಯ ಮನುಷ್ಯರು, ಸದ್ದುಗಳು, ವಾಹನಗಳು ರೂಢಿಯಾಗಬೇಕು, ಇದಕ್ಕೆ ಸಮಾಜೀಕರಣವೆಂದು ಹೆಸರು, ಎಂದು ಪಶುವೈದ್ಯರು ಹೇಳಿದರೆ, ‘ಮಂದಿ ರೂಢಿ ಆದ್ರ ಸಿಟ್ಟು ಹೋಗ್ತೈತ್ರಿ’ ಎಂದು ಈತ ಮರಿಯನ್ನು ಮಾಳಿಗೆಯ ಮೇಲೆ ಸರಪಳಿ ಹಾಕಿ ಕಟ್ಟುತ್ತಾನೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ, ಬೆವರಿ ತಂಪಾಗಲಾರದ ಆ ಪ್ರಾಣಿ ನಾಲಗೆ ಚಾಚಿ ಏದುಸಿರು ಬಿಡುವುದನ್ನು ಈತ ರೋಷವೆಂದು ಅರ್ಥೈಸುತ್ತಾನೆ. ಬೆಳಗಿನ ಐದಕ್ಕೆ ಅದನ್ನು ತಿರುಗಾಡಿಸುವವನು ಮನೆಯ ಆಳು. ಭಾನುವಾರ ಮಾವಿನಕೆರೆಯ ದಂಡೆಯ ಮೇಲೆ ಅದರೊಡನೆ ಫೋಟೊ ತೆಗೆಸಿಕೊಳ್ಳುವವನು ಮಾತ್ರ ಸಾಹುಕಾರ. ಇಷ್ಟಾಗಿಯೂ ಅತಿಥಿಗಳು ‘ಕಡಿತೈತೇನ್ರಿ ಸಾವ್ಕಾರ್ರ?’ ಎಂದು ಗೇಟಿನಾಚೆ ಅಳುಕುತ್ತ ನಿಂತ ಘನ ಸಂದರ್ಭದಲ್ಲಿ ಬುಲೆಟ್ ಅಂಗಾತ ಮಲಗಿ ಹೊಟ್ಟೆ ತೋರಿಸಿ, ಒಡೆಯನ ಮರ್ಯಾದೆಯನ್ನು ಬೀದಿಪಾಲು ಮಾಡುತ್ತದೆ.

2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ, ಪಿಟ್‌ಬುಲ್ ಸೇರಿದಂತೆ 23 ತಳಿಗಳ ಆಮದು, ಸಂವರ್ಧನೆ, ಮಾರಾಟಗಳನ್ನು ತಡೆಯಬೇಕೆಂದೂ, ಈಗಾಗಲೇ ಸಾಕಿರುವವುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ ರಾಜ್ಯಗಳಿಗೆ ಪತ್ರ ಬರೆದಾಗ ಈ ಪ್ರಭೇದದ ಇತಿಹಾಸದಲ್ಲಿ ಭೂಗತ ಯುಗ ಆರಂಭವಾಯಿತು. ಬುಲೆಟ್ ರಾತ್ರೋರಾತ್ರಿ ದೇವದುರ್ಗದ ಹೊಲಕ್ಕೆ ರವಾನೆಯಾಯಿತು, ಎಚ್ಚರಿಕೆಯ ಫಲಕದ ಮೇಲೆ ಗೋಣಿಚೀಲ ಬಿತ್ತು. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ್ದೆಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟು ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಪಡಿಸಿದೊಡನೆ ಚೀಲ ಸರಿಯಿತು, ನಾಯಿ ಮರಳಿತು, ಸಾಹುಕಾರ ತೀನ್ ಕಂದೀಲಿನ ಚಹಾದಂಗಡಿಯಲ್ಲಿ ಸಂವಿಧಾನ ತಜ್ಞನಾದ. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರವಹಿಸದವನಿಗೆ ಆರು ತಿಂಗಳವರೆಗಿನ ಸೆರೆ, 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಲ್ಲ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮನ್ನು ಮಾತ್ರ ಈತನಿಗೆ ಯಾರೂ ವಾಟ್ಸ್‌ಆ್ಯಪ್ ಮಾಡಿಲ್ಲ.

ಸಾಹುಕಾರನ ಉತ್ಸಾಹದ ಆಯುಷ್ಯ ನಾಯಿಯ ಆಯುಷ್ಯಕ್ಕಿಂತ ಬಹಳ ಕಡಿಮೆ. ಸೋಫಾ ಹರಿದ ದಿನ ಬುಲೆಟ್ ಮಾನ್ವಿಯ ದೊಡ್ಡವ್ವನ ಮನೆ ಸೇರುತ್ತದೆ. ನೆಲೆ ತಪ್ಪಿದ ಪ್ರಾಣಿಯನ್ನು ಕಾಯಂ ಮನೆ ಸಿಗುವವರೆಗೆ ಇಟ್ಟುಕೊಂಡು ನೋಡಿಕೊಳ್ಳುವ ಈ ತಾತ್ಕಾಲಿಕ ಪಾಲನೆಗೆ ದೊಡ್ಡ ನಗರಗಳಲ್ಲಿ ಫಾಸ್ಟರಿಂಗ್ ಎನ್ನುತ್ತಾರೆ. ಮಾನ್ವಿಯಲ್ಲಿ ಅದು ‘ಎರಡ ದಿನಾ ಇಟ್ಕೋ ದೊಡ್ಡವ್ವಾ’ ಎಂಬ ರೂಪದಲ್ಲಿ ಆರಂಭವಾಗಿ, ಎರಡು ಭತ್ತದ ಬೆಳೆ ಕೊಯ್ಲಾದರೂ ಮುಗಿಯುವುದಿಲ್ಲ. ದೊಡ್ಡವ್ವ ಯಾವ ಶಾಸ್ತ್ರವನ್ನೂ ಓದಿದವಳಲ್ಲ. ಆದರೂ ಬುಲ್ಲ್ಯಾನಿಗೆ, ಏಕೆಂದರೆ ಅಲ್ಲಿ ಅದರ ಹೆಸರು ಅಷ್ಟೇ, ಹೊತ್ತು ತಪ್ಪದೆ ಊಟವಿದೆ. ನಾಯಿಯ ರಕ್ತಕಣಗಳನ್ನು ಕೆಡಿಸುವ ಉಳ್ಳಾಗಡ್ಡಿ ಬಿದ್ದ ಸಾರು ಅದರ ತಟ್ಟೆಗೆ ಬರುವುದಿಲ್ಲ. ಜ್ವರ ಹರಡುವ ಉಣ್ಣಿಗಳನ್ನು ಸಂಜೆ ಕೂತು ಹೆಕ್ಕಲಾಗುತ್ತದೆ. ವರ್ಷಕ್ಕೊಮ್ಮೆ ರೇಬಿಸ್ ಲಸಿಕೆಗಾಗಿ ಸರ್ಕಾರಿ ಪಶು ಆಸ್ಪತ್ರೆಯ ಭೇಟಿಯಾಗುತ್ತದೆ. ಎಷ್ಟೇ ಸಾಧುವಾದರೂ ಮೊಮ್ಮಕ್ಕಳೊಡನೆ ಅದನ್ನು ಒಂಟಿಯಾಗಿ ಬಿಡುವುದಿಲ್ಲ, ಓಣಿಯ ನಾಯಿಗಳ ನಡುವೆ ಹಗ್ಗವಿಲ್ಲದೆ ಒಯ್ಯುವುದೂ ಇಲ್ಲ. ‘ಕುಂದ್ರು’ ಎಂದರೆ ಕೂಡುವ ನಾಯಿಯನ್ನು ಕಂಡು ಬೆರಗಾದ ಸಾಹುಕಾರನಿಗೆ ಆಕೆ ಕೊಟ್ಟ ವಿವರಣೆ ಇಷ್ಟೇ: ‘ಅದಕ್ಕ ಹೇಳಿದ್ ಮಾತು ತಿಳೀತೈತಿ ತಮ್ಮಾ.’

ಶಾಂತವಾಗಿ, ಮೈತುಂಬಿಕೊಂಡು ನಿಂತ ನಾಯಿಯನ್ನು ಕಂಡ ಸಾಹುಕಾರನಲ್ಲಿ ಮಾಲೀಕತ್ವ ಮತ್ತೆ ಚಿಗುರುವುದು ಸಹಜ. ಆದರೆ ಪ್ರಾಣಿಯನ್ನು ದತ್ತು ಕೊಡುವ ಮೊದಲು ಪಡೆಯುವವರ ಮನೆ, ಬಿಡುವು, ಸ್ವಭಾವಗಳನ್ನು ವಿಚಾರಿಸಬೇಕೆಂಬ ವಾಡಿಕೆಯನ್ನು ದೊಡ್ಡವ್ವ ತಾನೇ ಕಂಡುಕೊಂಡಿದ್ದಾಳೆ. ಬೆಳಗಿನ ಐದಕ್ಕೆ ಯಾರು ಏಳುತ್ತಾರೆ, ಬೇಸಿಗೆಯಲ್ಲಿ ಎಲ್ಲಿ ಕಟ್ಟುತ್ತೀರಿ, ಮನೆಮಂದಿಯೆಲ್ಲ ಊರಿಗೆ ಹೋದರೆ ಯಾರು ನೋಡುತ್ತಾರೆ ಎಂಬ ಮೂರು ಪ್ರಶ್ನೆಗಳಿಗೂ ‘ಆಳು ಅದಾನಲ್ಲ’ ಎಂಬ ಒಂದೇ ಉತ್ತರ ಬಂದುದರಿಂದ ಸಾಹುಕಾರನ ಅರ್ಜಿ ಮಾನ್ವಿಯಲ್ಲಿ ತಿರಸ್ಕೃತವಾಗಿದೆ. ಆಳು ಬಂದು ಕೇಳಿದರೆ ಪರಿಶೀಲಿಸಲಾಗುವುದು.